ನಗರಸಭೆಯಲ್ಲಿ ಯಾರ ಮಾತು ನಡೆಯುತ್ತದೆ?

ಬೀದಿಗೆ ಚರಂಡಿ ಆಗದಿದ್ದರೆ ನಾವು ವಾರ್ಡಿನ ಸದಸ್ಯರನ್ನು ದೂರುತ್ತೇವೆ. ಆದರೆ ಕಾಸರಗೋಡು ನಗರಸಭೆಯಲ್ಲಿ ಒಬ್ಬ ಸದಸ್ಯರ ಮಾತೇ ಆಜ್ಞೆಯಲ್ಲ. 1994ರ ಕೇರಳ ಮುನಿಸಿಪಾಲಿಟಿ ಕಾಯಿದೆಯಂತೆ ತೀರ್ಮಾನಿಸುವ ಅಧಿಕಾರ ಕೌನ್ಸಿಲಿನದು. ವಿಷಯವು ಸಾಮಾನ್ಯವಾಗಿ ಸ್ಥಾಯೀ ಸಮಿತಿಯಲ್ಲಿ ಚರ್ಚೆಯಾಗಿ, ಕೌನ್ಸಿಲಿನಲ್ಲಿ ಬಹುಮತದಿಂದ ಠರಾವಾಗಬೇಕು. ಅದನ್ನು ಜಾರಿಗೆ ತರುವವರು ಕಾರ್ಯದರ್ಶಿ. ಠರಾವು ಕಾನೂನಿಗೆ ವಿರುದ್ಧವಾಗಿದ್ದರೆ ಸರಕಾರ ಅದನ್ನು ರದ್ದುಪಡಿಸಬಹುದು.

ಹಾಗಾದರೆ ನಾವು ಹೇಳಿಕೊಳ್ಳುವುದೆಲ್ಲಿ? ಅದಕ್ಕೆ ವಾರ್ಡ್ ಸಭೆ ಉಂಟು. ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮಲಯಾಳ ಬರೆಯಲು ಬಾರದೆಂದು ಮನೆಯಲ್ಲಿ ಕೂರಬೇಡಿ. ಸಂವಿಧಾನದ 350ನೇ ವಿಧಿಯಂತೆ ಅಹವಾಲನ್ನು ಕನ್ನಡದಲ್ಲೇ ಬರೆದು ಕೊಡಬಹುದು. ದಿನಾಂಕ ಹಾಕಿ, ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಂಡು ರಶೀದಿ ಪಡೆಯಿರಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.