ಬಾಬಾಬುಡನ್‌ಗಿರಿಯ ನೀಲಿ ಹಕ್ಕಿ ಯಾವ ಕುಲದ್ದು?

ಪ್ರಶ್ನೆ: ಬಾಬಾಬುಡನ್‌ಗಿರಿಯಲ್ಲಿ ನೆಲದ ಮೇಲೆ ಕುಪ್ಪಳಿಸುವ ನೀಲಿ ಹಕ್ಕಿ ಕಂಡೆವು. ಅದು ರಾಬಿನ್ನೇ?
– ಓದುಗರು, ಜಯನಗರ 4ನೇ ಬ್ಲಾಕ್

ಉತ್ತರ: ಮೈ ಕಡುನೀಲಿ, ಪಕ್ಕೆ ಕಂದುಗೆಂಪು, ಹೊಟ್ಟೆಯ ನಡುವೆ ಬಿಳುಪು ಇದ್ದರೆ ಅದು ನೀಲಗಿರಿ ನೀಲಿ ರಾಬಿನ್. ನೀವು ಅದೃಷ್ಟವಂತರು! ನೀಲಗಿರಿ, ಬ್ರಹ್ಮಗಿರಿ, ಬಾಬಾಬುಡನ್ ಬೆಟ್ಟಗಳ ಮೇಲಿನ ತಂಪು ಕಾಡಾದ ಶೋಲಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸಿಗದು.

ಕುಲದ ಕತೆ ಉದ್ದದ್ದು. 1840ರ ದಶಕದಲ್ಲಿ ಇದನ್ನು ವಿವರಿಸಿದವರು ಕಂಪನಿ ಸರಕಾರದ ವೈದ್ಯ ಜೆರ್ಡನ್. ಆಮೇಲೆ ರೂಪ ನೋಡಿ ಹಿಮಾಲಯದ ಬ್ರಾಕಿಪ್ಟೆರಿಕ್ಸ್ ಕುಲಕ್ಕೆ ಸೇರಿಸಿದರು, ಮುಂದೆ ಮಯೋಮೆಲಾಕ್ಕೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಡಿಎನ್‌ಎ ಓದಿದಾಗ, ಇದು ನಿಲ್ಟಾವದಂಥ ನೊಣಹಿಡುಕಗಳ ಹತ್ತಿರದ ಬಂಧು ಎಂದು ತಿಳಿಯಿತು. ಹಾಗಾಗಿ 2017ರಲ್ಲಿ ‘ಶೋಲಿಕೋಲ’ ಎಂಬ ಹೊಸ ಕುಲವೇ ಹುಟ್ಟಿತು.

ಹವಾಯಿಯ ಹನಿಕ್ರೀಪರ್ ಹಕ್ಕಿಗಳನ್ನು ಕಡಲು ಬೇರ್ಪಡಿಸಿದೆ. ಹಾಗೆಯೇ ಈ ಶೋಲಾ ಹಕ್ಕಿಗಳನ್ನು ಬೆಟ್ಟಗಳ ನಡುವಿನ ಬಿಸಿ ಕಣಿವೆಗಳು ಬೇರ್ಪಡಿಸಿವೆ. ತಂಪಿನ ಶೋಲಾ ದಾಟಿ ಇವು ಬದುಕಲಾರವು. ಆ ಶೋಲಾವನ್ನೇ ಟೀ, ನೀಲಗಿರಿ ಮರ, ವಾಟಲ್ ನೆಡುತೋಪುಗಳು ತಿಂದುಹಾಕಿವೆ. ಹಕ್ಕಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಮತ್ತೆ ಹೋದರೆ ದಯವಿಟ್ಟು ಧ್ವನಿಮುದ್ರಿತ ಕೂಗು ಹಾಕಿ ಅದನ್ನು ಹೊರಗೆ ಕರೆಯಬೇಡಿ.