ಕರೆ ಕೇಳಿದವಳೇ ಹೂಂ ಅನ್ನಬೇಕು

ರಾಂಪುರದ ಬಸ್ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸಿನಿಂದ ಒಬ್ಬ ಸಿಸ್ಟರ್ ಇಳಿದರೆ ಸುತ್ತಲಿನ ಹೆಂಗಸರಿಗೆ ಏಳುವ ಮೊದಲ ಪ್ರಶ್ನೆ ದೇವರ ಬಗ್ಗೆ ಅಲ್ಲ, ಮನೆಯ ಬಗ್ಗೆ. ‘ಅಪ್ಪ ಅಮ್ಮ ಹೆಂಗೆ ಒಪ್ಪಿದ್ರಮ್ಮ? ಹರಕೆಗೇನಾದ್ರೂ ಬಿಟ್ಟಿದ್ರಾ?’ ಈ ಪ್ರಶ್ನೆಯನ್ನು ತಿಳಿಗೇಡಿತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೆಣ್ಣುಮಗುವನ್ನು ದೇವರ ಹೆಸರಿನಲ್ಲಿ ಬಸವಿ ಬಿಡುತ್ತಿದ್ದ ಸೀಮೆ ಇದು. ಹುಡುಗಿಗೆ ಬುದ್ಧಿ ಬಲಿಯುವ ಮೊದಲೇ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ಬಾಳುವವಳು ಮಾತ್ರ ಅವಳು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ದೇವರ ಹೆಸರಿನಲ್ಲಿ ಹೆಣ್ಣೊಬ್ಬಳು ಮದುವೆಯಿಲ್ಲದೆ ಬದುಕುತ್ತಾಳೆ ಎಂದಾಗ, ಇದು ಯಾರ ತೀರ್ಮಾನ ಎಂದು ಕೇಳುವ ಹಕ್ಕು ಇಲ್ಲಿನ ಹೆಂಗಸರಿಗೆ ಎಲ್ಲರಿಗಿಂತ ಹೆಚ್ಚಾಗಿಯೇ ಇದೆ.

ಕಥೋಲಿಕ ಧರ್ಮಸಭೆಯೂ ಇದೇ ಪ್ರಶ್ನೆಯ ಎದುರು ನಿಂತಿತ್ತು. ಯುರೋಪಿನ ಸಿರಿವಂತ ಮನೆಗಳಲ್ಲಿ ವರದಕ್ಷಿಣೆಯ ಹೊರೆ ತಪ್ಪಿಸಿಕೊಳ್ಳಲು ಒಬ್ಬಿಬ್ಬರು ಹೆಣ್ಣುಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿಬಿಡುವ ರೂಢಿ ಇತ್ತು. ಟ್ರೆಂಟ್ ಮಹಾಸಭೆ 1563ರ ಡಿಸೆಂಬರಿನಲ್ಲಿ ಇದಕ್ಕೆ ಕಡಿವಾಣ ಹಾಕಿತು. ವ್ರತ ತೊಡುವ ಮೊದಲು ಬಿಷಪರು, ಇಲ್ಲವೇ ಅವರು ನೇಮಿಸಿದವರು, ಹುಡುಗಿಯನ್ನು ಖುದ್ದಾಗಿ ವಿಚಾರಿಸಬೇಕು: ಯಾರಾದರೂ ಒತ್ತಾಯ ಮಾಡಿದರೇ, ಪುಸಲಾಯಿಸಿದರೇ, ತಾನು ಮಾಡುತ್ತಿರುವುದೇನೆಂದು ಅವಳಿಗೆ ಗೊತ್ತಿದೆಯೇ? ಬಲವಂತವಾಗಿ ಸೇರಿಸಿದವರಿಗೆ ಬಹಿಷ್ಕಾರ. ಮನಸಾರೆ ಹೊರಟವಳನ್ನು ಸಕಾರಣವಿಲ್ಲದೆ ತಡೆದವರಿಗೂ ಅದೇ ಶಿಕ್ಷೆ. ಎರಡೂ ಕಡೆಗೆ ಒಂದೇ ತಕ್ಕಡಿ ಹಿಡಿದ ಈ ನಿಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೆ ಹುಡುಗಿ ಹೂಂ ಅಂದ ಮಾತ್ರಕ್ಕೆ ಮುಗಿಯಿತೇ? ದೈವಕರೆ ಎನ್ನುವುದು ಒಂದು ರಾತ್ರಿಯ ಕನಸಿನಲ್ಲಿ ಕೇಳಿ, ಬೆಳಗಾಗುವುದರೊಳಗೆ ಇತ್ಯರ್ಥವಾಗುವ ಮಾತಲ್ಲ. ಅದನ್ನು ತಿಳಿಯಲು ಮಂಗಳೂರಿನ ಚರಿತ್ರೆಗೆ ಸೇರಿದ ಇಬ್ಬರು ಹೆಂಗಸರ ಬದುಕನ್ನು ನೋಡಬೇಕು.

ಮೊದಲನೆಯವರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ, ಅಲ್ಲಿನ ಬ್ರಿಟಿಷ್ ರಾಯಭಾರ ಕಚೇರಿಯ ಗುರು. ನೌಕಾಪಡೆಯ ಅಧಿಕಾರಿಯೊಬ್ಬರೊಂದಿಗೆ ಮದುವೆ ಗೊತ್ತಾಗಿತ್ತು. ಅದನ್ನು ಸೋಫಿ ತಾವೇ ಮುರಿದುಕೊಂಡರು. 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕರಾದರು. ಪಾದ್ರಿಯ ಮನೆಯಲ್ಲಿ ಬೆಳೆದ ಮಗಳಿಗೆ ಅದು ಎಂಥ ಹೆಜ್ಜೆ ಎಂದು ಬಿಡಿಸಿ ಹೇಳಬೇಕಿಲ್ಲ. ಮರುವರ್ಷ ಸಂತ ಜೋಸೆಫರ ಹೆಸರಿನ ಫ್ರೆಂಚ್ ಸಂಸ್ಥೆಯೊಂದನ್ನು ಸೇರಿ ಸಿಸ್ಟರ್ ವೆರೋನಿಕಾ ಆದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ವ್ರತ ತೊಟ್ಟಾಗಿತ್ತು, ಕೈತುಂಬ ಕೆಲಸವಿತ್ತು. 1860ರ ದಶಕದ ಆರಂಭದಲ್ಲಿ ಅವರನ್ನು ಕಲ್ಲಿಕೋಟೆಗೆ ಕಳಿಸಲಾಯಿತು, ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಶುರುವಾಯಿತು. ಆದರೂ ಒಳಗೊಂದು ಎಳೆತ ಬಿಡಲಿಲ್ಲ: ಕಾರ್ಮೆಲ್ ಸಭೆಯ ಮೌನಪ್ರಾರ್ಥನೆಯ ಕಡೆಗೆ. ಕರಾವಳಿಯ ಕಾರ್ಮೆಲ್ ಗುರು, ಮುಂದೆ ಮಂಗಳೂರಿನ ಬಿಷಪರಾದ ಮರಿ ಎಫ್ರೆಮ್ ಅವರಿಗೆ ಇನ್ನೊಂದು ಹಂಬಲವಿತ್ತು. ಕಾರ್ಮೆಲಿನ ಪ್ರಾರ್ಥನೆಯನ್ನೂ ಶಾಲೆಯ ದುಡಿಮೆಯನ್ನೂ ಒಟ್ಟಿಗೆ ನಡೆಸುವ ಸಿಸ್ಟರ್‌ಗಳು ಈ ಕರಾವಳಿಗೆ ಬೇಕು. ಇಬ್ಬರ ಯೋಚನೆ ಕೂಡಿತು. ಆದರೆ ಒಂದು ಸಭೆಯಲ್ಲಿ ವ್ರತ ತೊಟ್ಟವರು ಇನ್ನೊಂದಕ್ಕೆ ಹೋಗುವುದು ಮನೆ ಬದಲಾಯಿಸಿದಷ್ಟು ಸುಲಭವಲ್ಲ. ಮೇಲಿನವರ ಅನುಮತಿ ಬೇಕು, ಜೊತೆಗಾರರ ಬೇಸರ ತಾಳಬೇಕು, ಇದು ನನ್ನ ಚಂಚಲ ಬುದ್ಧಿಯೋ ದೇವರ ಇಚ್ಛೆಯೋ ಎಂದು ದಿನವೂ ತನ್ನನ್ನೇ ಕೇಳಿಕೊಳ್ಳಬೇಕು. ವೆರೋನಿಕಾ ಯುರೋಪಿಗೆ ಮರಳಿದರು. ಕಾರ್ಮೆಲಿನ ಬದುಕನ್ನು ಕಲಿಯಲು ಫ್ರಾನ್ಸಿನ ಪೌ ಮಠವನ್ನು ಹೊಕ್ಕಾಗ 1867ನೇ ಇಸವಿ, ವಯಸ್ಸು ನಲವತ್ತು ದಾಟಿತ್ತು. ಮತ್ತೆ ಮೊದಲಿನಿಂದ ಶುರು.

ಅವರು ಒಬ್ಬರೇ ಹೋಗಲಿಲ್ಲ, ಜೊತೆಗೊಬ್ಬ ಹುಡುಗಿ ಇದ್ದಳು. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯ ಮರಿಯಂ ಬವಾರ್ದಿ, 1846ರಲ್ಲಿ ಹುಟ್ಟಿದವಳು. ಮೂರು ತುಂಬುವ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದಳು. ಹದಿಮೂರರ ಹೊತ್ತಿಗೆ ಮದುವೆ ನಿಶ್ಚಯ ಮಾಡಿದರು. ಒಲ್ಲೆ ಎಂದು ಕೂದಲು ಕತ್ತರಿಸಿಕೊಂಡಳು. ಆಮೇಲಿನ ವರ್ಷಗಳೆಲ್ಲ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಮಾರ್ಸೇಲ್ಸ್ ಊರುಗಳಲ್ಲಿ ಕಂಡವರ ಮನೆಯ ಕಸಮುಸುರೆ. ಓದು ಬರಹ ಇಲ್ಲವೆನ್ನುವಷ್ಟು ಕಡಿಮೆ. ಮಾರ್ಸೇಲ್ಸ್‌ನಲ್ಲಿ ಸಂತ ಜೋಸೆಫರ ಸಿಸ್ಟರ್‌ಗಳ ಬಳಿ ಸೇರಿ ಎರಡು ವರ್ಷ ಪರೀಕ್ಷೆಯಲ್ಲಿದ್ದಳು. ಕೊನೆಗೆ ಸಮುದಾಯ ಅವಳನ್ನು ಬೇಡವೆಂದಿತು. ಪ್ರಾರ್ಥನೆಯಲ್ಲಿ ಮೈಮರೆಯುವ, ಏನೇನೋ ಕಾಣುವ ಈ ಹುಡುಗಿ ಶಾಲೆ, ಆಸ್ಪತ್ರೆ ನಡೆಸುವ ಮನೆಗೆ ಹೊಂದುವಳೇ ಎಂಬ ಅಳುಕು ಅವರದು. ಆಗ ಅವಳ ಕೈ ಹಿಡಿದವರು ಅಲ್ಲಿ ಹೊಸಬರಿಗೆ ಗುರುಮಾತೆಯಾಗಿದ್ದ ವೆರೋನಿಕಾ.

ಬೇಡ ಎಂದ ಆ ಸಿಸ್ಟರ್‌ಗಳನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಕರೆ ಒಬ್ಬಳ ಎದೆಯಲ್ಲಿ ಕೇಳಿಸುತ್ತದೆ, ನಿಜ. ಅದನ್ನು ಒರೆಗೆ ಹಚ್ಚುವವರು ಜೊತೆಯಲ್ಲಿ ಬಾಳಬೇಕಾದವರು. ಅವರ ಒಲ್ಲೆ ಎಂಬ ಮಾತೇ ಮರಿಯಂಗೆ ಸರಿಯಾದ ದಾರಿ ತೋರಿಸಿತು.

1868ರ ಜುಲೈ 16, ಕಾರ್ಮೆಲ್ ಮಾತೆಯ ಹಬ್ಬ. ಅಂದು ಫ್ರಾನ್ಸಿನ ಬಯೋನ್‌ನಲ್ಲಿ ಮದರ್ ವೆರೋನಿಕಾ ಅಪೋಸ್ತೊಲಿಕ್ ಕಾರ್ಮೆಲ್ ಸಂಸ್ಥೆಯನ್ನು ಆರಂಭಿಸಿದರು. 1870ರ ನವೆಂಬರ್ 19ರಂದು ಆ ಸಂಸ್ಥೆಯ ಮೂವರು ಸಿಸ್ಟರ್‌ಗಳು ಮಂಗಳೂರಿಗೆ ಬಂದರು. ಅಲ್ಲಿನ ಸೇಂಟ್ ಆನ್ಸ್ ವಿದ್ಯಾಸಂಸ್ಥೆ ಬೆಳೆದದ್ದು ಹೀಗೆ. 1921ರಲ್ಲಿ ಶುರುವಾದ ಸೇಂಟ್ ಆಗ್ನೆಸ್ ಕಾಲೇಜಿನ ಬೇರೂ ಇಲ್ಲೇ. 1870ರಲ್ಲೇ ಪೌ ಮಠದಿಂದ ಹೊರಟ ಏಕಾಂತವಾಸಿ ಕಾರ್ಮೆಲ್ ಸಿಸ್ಟರ್‌ಗಳ ತಂಡದಲ್ಲಿ ಮರಿಯಂ ಇದ್ದಳು. ಹಡಗು ಹತ್ತಿದ ಎಲ್ಲರೂ ಮಂಗಳೂರು ಮುಟ್ಟಲಿಲ್ಲ, ದಾರಿಯಲ್ಲೇ ಸಾವುಗಳಾದವು. 1871ರ ನವೆಂಬರ್ 21ರಂದು, ಮಂಗಳೂರಿನಲ್ಲೇ, ಮರಿಯಂ ವ್ರತ ತೊಟ್ಟಳು. ಎಲ್ಲಿಯ ಗಲಿಲೇಯ, ಎಲ್ಲಿಯ ತುಳುನಾಡು! ಮರುವರ್ಷವೇ ಅವಳ ದರ್ಶನಗಳ ಬಗ್ಗೆ ಸಂಶಯ ಎದ್ದು ಪೌಗೆ ವಾಪಸು ಕಳಿಸಿದರು. ಅಲ್ಲಿಂದ ಬೆತ್ಲೆಹೇಮಿಗೆ ಹೋಗಿ ಹೊಸ ಮಠ ಕಟ್ಟಿಸುವಾಗ, ಕೆಲಸದಾಳುಗಳಿಗೆ ನೀರು ಒಯ್ಯುತ್ತ ಬಿದ್ದು, ಗಾಯ ಕೊಳೆತು, 1878ರಲ್ಲಿ ತೀರಿಕೊಂಡಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಸಾರಿದರು. ಇತ್ತ ವೆರೋನಿಕಾ ತಾವು ಹುಟ್ಟುಹಾಕಿದ ಸಂಸ್ಥೆಯ ಸಿಸ್ಟರ್‌ಗಳೊಡನೆ ಭಾರತಕ್ಕೆ ಬರಲೇ ಇಲ್ಲ. ಬಯೋನ್‌ನ ಮನೆ ಮುಚ್ಚಿತು, ಅವರು ಪೌ ಮಠಕ್ಕೆ ಹಿಂತಿರುಗಿದರು, 1906ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು.

ನಮ್ಮ ನೆಲದ ಹೆಣ್ಣುಮಕ್ಕಳ ಕರೆಗೆ ನಮ್ಮಲ್ಲೇ ಮನೆ ಸಿಕ್ಕ ಕಥೆಯೂ ಇದೆ. ಶಿವಮೊಗ್ಗದಲ್ಲಿ 1875ರಲ್ಲಿ ಹುಟ್ಟಿದ ಫಾದರ್ ರೇಮಂಡ್ ಮಸ್ಕರೇನ್ಹಸ್ ಮಂಗಳೂರಿನ ಬೆಂದೂರಿನಲ್ಲಿ ಗುರುಗಳಾಗಿದ್ದಾಗ, 1921ರ ಜುಲೈ 16ರಂದು ನಾಲ್ವರು ಯುವತಿಯರೊಂದಿಗೆ ಬೆಥನಿ ಸಂಸ್ಥೆ ಹುಟ್ಟಿತು. ಮತ್ತೆ ಅದೇ ಕಾರ್ಮೆಲ್ ಮಾತೆಯ ಹಬ್ಬದ ದಿನ.

ಇಂದು ಈ ದಾರಿ ಹಿಡಿಯುವ ಹುಡುಗಿ ಮೊದಲು ಬಂದು ಸಿಸ್ಟರ್‌ಗಳ ಜೊತೆ ಕೆಲಕಾಲ ಇದ್ದು ನೋಡುತ್ತಾಳೆ. ಬೆಳಗಿನ ಗಂಟೆಗೆ ಏಳುವುದು, ಪ್ರಾರ್ಥನೆ, ಬಲಿಪೂಜೆ, ಅಡುಗೆಮನೆಯ ಸರದಿ, ಓದು. ತನಗೆ ಹಿಡಿಸದವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದನ್ನೂ ಅಲ್ಲೇ ಕಲಿಯಬೇಕು; ಬಹಳ ಮಂದಿಗೆ ನಿಜವಾದ ಪರೀಕ್ಷೆ ಅದೇ. ಧರ್ಮಸಭೆಯ 1983ರ ಕಾನೂನಿನ ಪ್ರಕಾರ ಹದಿನೇಳು ತುಂಬದವಳನ್ನು ನೊವಿಶಿಯೇಟ್‌ಗೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸುವಂತಿಲ್ಲ. ದೀಕ್ಷಾಸ್ನಾನ, ದೃಢೀಕರಣದ ಪ್ರಮಾಣಪತ್ರ ತರಬೇಕು, ಮದುವೆಯ ಬಂಧನವಿಲ್ಲ ಎಂಬುದಕ್ಕೆ ದಾಖಲೆ ಬೇಕು. ನೊವಿಶಿಯೇಟ್ ಕಡಿಮೆಯೆಂದರೆ ಹನ್ನೆರಡು ತಿಂಗಳು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮೊದಲ ವ್ರತ, ಅದೂ ಗೊತ್ತಾದ ಅವಧಿಗೆ ಮಾತ್ರ. ಅವಧಿ ಮುಗಿದಾಗ ಮತ್ತೆ ಕೇಳಿಕೊಂಡು ಮುಂದುವರಿಯಬೇಕು. ಕನಿಷ್ಠ ಮೂರು ವರ್ಷ ಹೀಗೆ ಕಳೆದು, ಇಪ್ಪತ್ತೊಂದು ತುಂಬಿದ ಮೇಲಷ್ಟೇ ನಿತ್ಯವ್ರತ. ಅಂದು ಆಕೆ ಪೀಠದ ಮುಂದೆ ನೆಲಕ್ಕೆ ಬೋರಲಾಗಿ ಮಲಗುತ್ತಾಳೆ, ಸೇರಿದವರೆಲ್ಲ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು ಹಾಡುತ್ತಾರೆ. ಹಿಂದಿನ ಸಾಲಿನಲ್ಲಿ ಅವಳ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ದುಃಖಕ್ಕೋ ಸಂತೋಷಕ್ಕೋ, ಅವಳಿಗೂ ಹೇಳಲಾಗದು.

ನಡುವೆ ಮರಳಿ ಬರುವವರೂ ಇದ್ದಾರೆ, ಅವರ ಬಗ್ಗೆ ಊರು ಕ್ರೂರವಾಗಿ ಮಾತಾಡುತ್ತದೆ. ಏನೋ ತಪ್ಪು ಮಾಡಿರಬೇಕು, ಓಡಿಬಂದಿರಬೇಕು ಎಂದು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ. ಇದು ನನಗೆ ಸಹಿಸಲಾಗದ ಅನ್ಯಾಯ. ನೊವಿಶಿಯೇಟ್ ಇರುವುದೇ ತನಗೆ ಇದು ಹೌದೋ ಅಲ್ಲವೋ ಎಂದು ಅರಿಯುವುದಕ್ಕೆ. ಅಲ್ಲ ಎಂದು ತಿಳಿದು ಬಂದವಳೂ ಅಲ್ಲಿನ ಕೆಲಸವನ್ನು ಪೂರ್ತಿ ಮಾಡಿಯೇ ಬಂದಿರುತ್ತಾಳೆ. ನೊವಿಶಿಯೇಟ್‌ನಲ್ಲಿದ್ದು ಹೊರಡುತ್ತೇನೆ ಎಂದವಳನ್ನು ಸಂಸ್ಥೆ ಹಿಡಿದಿಡುವಂತಿಲ್ಲ, ಅವಳ ಮೇಲೆ ಬಿಡಿಸಿಕೊಳ್ಳಬೇಕಾದ ವ್ರತ ಯಾವುದೂ ಇರುವುದಿಲ್ಲ. ಓದು ಮುಂದುವರಿಸಬಹುದು, ಕೆಲಸಕ್ಕೆ ಸೇರಬಹುದು, ಚರ್ಚಿನಲ್ಲೇ ಎಲ್ಲರಂತೆ ಮದುವೆಯಾಗಬಹುದು. ಇನ್ನೊಂದು ಮಠದ ಬಾಗಿಲು ತಟ್ಟುವ ಮನಸ್ಸಾದರೆ ಅದಕ್ಕೂ ಅಡ್ಡಿಯಿಲ್ಲ.