ಬ್ಲಾಗು ಬರೆಯುವವರಿಗೆ ಅಕ್ಷರಾಭ್ಯಾಸ

ಬ್ಲಾಗು ತೆರೆಯುವುದು ಹತ್ತು ನಿಮಿಷದ ಕೆಲಸ. ಬ್ಲಾಗರ್ ಅಥವಾ ವರ್ಡ್‌ಪ್ರೆಸ್ ತಾಣಕ್ಕೆ ಹೋಗಿ, ಇಮೇಲ್ ವಿಳಾಸ ಕೊಟ್ಟು, ಒಂದು ಹೆಸರು ಆರಿಸಿಕೊಂಡರೆ ಆಯಿತು. ದುಡ್ಡೂ ಬೇಕಿಲ್ಲ. ಆದರೆ ಹೊಸಬರು ಮೊದಲ ವಾರವನ್ನೆಲ್ಲ ಬಣ್ಣ, ಹಿನ್ನೆಲೆ, ತಲೆಬರಹದ ಚಿತ್ರ ಇವುಗಳ ಆಯ್ಕೆಯಲ್ಲೇ ಕಳೆದುಬಿಡುತ್ತಾರೆ. ಅವನ್ನು ನಾಳೆಯೂ ಬದಲಿಸಬಹುದು, ಐದು ವರ್ಷ ಬಿಟ್ಟೂ ಬದಲಿಸಬಹುದು. ಒಳಗೆ ತುಂಬಿದ ಅಕ್ಷರಗಳು ಕೆಟ್ಟಿದ್ದರೆ ಸರಿಪಡಿಸುವುದು ಅಷ್ಟು ಸುಲಭವಲ್ಲ. ಕನ್ನಡದಲ್ಲಿ ಬರೆಯುವವರಿಗಂತೂ ಮೊದಲು ತಿಳಿದಿರಬೇಕಾದ್ದು ಇದೇ.

ಬಣ್ಣ ಬದಲಿಸುವುದು ಏಕೆ ಸುಲಭ ಎಂದು ಮೊದಲು ನೋಡೋಣ. ತೊಂಬತ್ತರ ದಶಕದಲ್ಲಿ ಜಾಲತಾಣ ನಡೆಸುತ್ತಿದ್ದವರು ಒಂದೊಂದು ಪುಟವನ್ನೂ ಎಚ್‌ಟಿಎಂಎಲ್ ಸಂಕೇತಗಳಲ್ಲಿ ಕೈಯಾರೆ ಬರೆದು ಸರ್ವರಿಗೆ ಏರಿಸಬೇಕಿತ್ತು. 1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ಬ್ಲಾಗರ್ ಅನ್ನು ಹೊರತಂದಿತು. 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಅದೇ ವರ್ಷ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್ ಬಿಡುಗಡೆ ಮಾಡಿದರು. ಇಂಥ ತಂತ್ರಾಂಶಗಳು ಬರಹವನ್ನೂ ಅದರ ಉಡುಪನ್ನೂ ಬೇರೆ ಬೇರೆ ಇಡುತ್ತವೆ. ನೀವು ಬರೆದದ್ದು ಡೇಟಾಬೇಸ್ ಸೇರುತ್ತದೆ, ವಿನ್ಯಾಸ ಇನ್ನೊಂದು ಕಡತದಲ್ಲಿರುತ್ತದೆ, ಎರಡೂ ಕೂಡಿದ ಪುಟ ಓದುಗನ ಪರದೆಗೆ ಹೋಗುತ್ತದೆ. ಹಾಗಾಗಿ ಒಂದು ಗುಂಡಿ ಒತ್ತಿದರೆ ಸಾವಿರ ಲೇಖನಗಳ ಉಡುಪು ಒಮ್ಮೆಗೇ ಬದಲಾಗುತ್ತದೆ, ಬರಹ ಅಲುಗುವುದಿಲ್ಲ.

ಆ ಡೇಟಾಬೇಸಿನಲ್ಲಿ ಕುಳಿತಿರುವುದು ಅಕ್ಷರದ ಆಕಾರವಲ್ಲ, ಸಂಖ್ಯೆ. ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆ ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿದೆ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು. ಭಾರತೀಯ ಲಿಪಿಗಳಿಗಾಗಿ ನಮ್ಮಲ್ಲೇ ರೂಪಿಸಿದ್ದ ಇಸ್ಕಿ ಎಂಬ ಸಂಕೇತಕ್ರಮವೇ ಈ ಹಂಚಿಕೆಗೆ ತಳಹದಿ. ‘ಕ’ ಎಂದರೆ 3221, ‘ನ’ ಎಂದರೆ 3240. ‘ಕನ್ನಡ’ ಎಂದು ಬರೆದರೆ ಒಳಗೆ ಉಳಿಯುವುದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ನಡುವಿನ 3277 ಅರ್ಧಾಕ್ಷರದ ಗುರುತು, ಅಂದರೆ ಹಲಂತ. ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಈ ಕ್ರಮದಲ್ಲಿ ಬಂದರೆ ಎರಡನೆಯದನ್ನು ಒತ್ತಾಗಿ ಕೆಳಗೆ ಇಳಿಸುವುದು ಓದುಗನ ಫೋನಿನಲ್ಲಿರುವ ಫಾಂಟು ಮತ್ತು ಅದನ್ನು ಜೋಡಿಸುವ ತಂತ್ರಾಂಶದ ಕೆಲಸ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ‘ಯ’ದ ನಂತರ ಕಾಣುತ್ತದೆ. ಸಂಖ್ಯೆಗಳ ಸಾಲಿನಲ್ಲಿ ಮಾತ್ರ ನಾವು ಉಚ್ಚರಿಸುವ ಹಾಗೆ ‘ರ’ ಮೊದಲು ಬಂದಿರುತ್ತದೆ.

ಈ ಹಂಚಿಕೆ ಸಂಪೂರ್ಣ ಎಡವಟ್ಟಿಲ್ಲದೆ ನಡೆಯಿತು ಎಂದೇನಲ್ಲ. 3294ನೇ ಸ್ಥಾನದಲ್ಲಿ ಹಳಗನ್ನಡದ ‘ೞ’ ಇದೆ. ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ‘ಕನ್ನಡ ಅಕ್ಷರ ಫ’! ತಪ್ಪೆಂದು ಗೊತ್ತಾಗಿದೆ, ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಆ ಸಂಸ್ಥೆಯ ನಿಯಮ. ಪಂಪನ ಕಾಲದ ಅಕ್ಷರ ಹೀಗೆ ಸುಳ್ಳು ಹೆಸರಿನಲ್ಲಿ ಬಾಳುತ್ತಿದೆ.

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ಕನ್ನಡ ಬೆರಳಚ್ಚಿನ ಬಹುಪಾಲು ಇತಿಹಾಸ ಆಕಾರದ ಇತಿಹಾಸ. ಯೂನಿಕೋಡ್ ಗಣಕಗಳಲ್ಲಿ ನೆಲೆಯೂರುವ ಮೊದಲು ನಮ್ಮ ತಂತ್ರಾಂಶಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಬಳಸಿ, ಫಾಂಟಿನೊಳಗೆ ಅವುಗಳ ಚಿತ್ರದ ಬದಲಿಗೆ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಮುದ್ರಣಾಲಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು: ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ‘ಕನ್ನಡ’ ಪದವನ್ನು ಆ ಫಾಂಟಿಲ್ಲದ ಕಡೆ ತೆರೆದರೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಮೆರವಣಿಗೆ ಹೊರಡುತ್ತವೆ. ಕಾಗದದ ಮೇಲೆ ಅಚ್ಚು ಹಾಕುವವರೆಗೆ ಇದರಿಂದ ತೊಂದರೆಯಿರಲಿಲ್ಲ, ಇಂದಿಗೂ ಎಷ್ಟೋ ಡಿಟಿಪಿ ಕೇಂದ್ರಗಳಲ್ಲಿ ಇದೇ ನಡೆಯುತ್ತಿದೆ. ಜಾಲದಲ್ಲಿ ಮಾತ್ರ ಅದು ಕನ್ನಡವೇ ಅಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟನ್ನು ಜೊತೆಗೇ ತಂದಿತು. ಆ ನಂತರದ ವರ್ಷಗಳಲ್ಲಿ ಓದುಗನಿಗೆ ‘ಮೊದಲು ಈ ಫಾಂಟ್ ಇಳಿಸಿಕೊಳ್ಳಿ’ ಎಂದು ಸೂಚನೆ ಹಾಕುವ ಕಾಟ ತಪ್ಪಿತು, ಕನ್ನಡದಲ್ಲಿ ಬ್ಲಾಗುಗಳು ಹುಟ್ಟತೊಡಗಿದವು.

ನಿಮ್ಮ ಹಳೆಯ ಲೇಖನಗಳು ಇಂಥ ಫಾಂಟಿನಲ್ಲಿದ್ದರೆ ನೇರ ನಕಲಿಸಬೇಡಿ. ಯೂನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತುಗಳು ಬರುವೆಡೆ ಅವೂ ಒಮ್ಮೊಮ್ಮೆ ಎಡವುತ್ತವೆ, ಆದ್ದರಿಂದ ಕರಡು ತಿದ್ದದೆ ಪ್ರಕಟಿಸುವಂತಿಲ್ಲ.

ಹೊಸದಾಗಿ ಬೆರಳಚ್ಚು ಕಲಿಯುವವರಿಗೆ ಯಾವ ಕೀಲಿಮಣೆ? ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದು ಈಗಿನವರ ರೂಢಿ, ಬಾಯಲ್ಲಿ ಹೇಳಿ ಬರೆಸುವವರೂ ಹೆಚ್ಚಿದ್ದಾರೆ. ನನ್ನ ಮತ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸಕ್ಕೆ. ನುಡಿ ತಂತ್ರಾಂಶ ಬಳಸುವುದು ಅದನ್ನೇ. ಅದರಲ್ಲಿ ಎಫ್ ಕೀಲಿ ಹಲಂತ. ‘ಕ್ಷ’ ಬೇಕಿದ್ದರೆ ಕೆ, ಎಫ್, ಎಕ್ಸ್ ಒತ್ತಬೇಕು. ‘ಕ’, ಹಲಂತ, ‘ಷ’ ಎಂಬ ಯೂನಿಕೋಡಿನ ಸಾಲೂ ಇದೇ ತಾನೆ? ಬೆರಳಿನ ಕ್ರಮ, ನಾಲಗೆಯ ಕ್ರಮ, ಡೇಟಾಬೇಸಿನ ಕ್ರಮ ಮೂರೂ ಒಂದೇ ಆಗಿರುವುದರಿಂದ ಅಚ್ಚಿನಲ್ಲಿ ಏನು ತಪ್ಪಿದೆ ಎಂಬುದು ಬೇಗ ಹೊಳೆಯುತ್ತದೆ.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ, ಅವೇ ಅಪಾಯಕಾರಿ. ಅನುಸ್ವಾರದ ಸಂಖ್ಯೆ 3202, ಕನ್ನಡ ಅಂಕಿ ಸೊನ್ನೆಯದು 3302. ಎರಡರ ಆಕಾರವೂ ದುಂಡಗೆ. ‘ಕಂಪ್ಯೂಟರ್’ ಎಂದು ಬರೆಯುವಾಗ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದರೆ ಓದುವವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಯಂತ್ರಕ್ಕೆ ಅದು ನಡುವೆ ಅಂಕಿ ಸಿಕ್ಕಿಕೊಂಡ ಅರ್ಥವಿಲ್ಲದ ಪದ. ಅಂಧರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶವಂತೂ ಅಲ್ಲಿ ‘ಸೊನ್ನೆ’ ಎಂದೇ ಉಚ್ಚರಿಸೀತು. ಜಾಲದ ಹಳೆಯ ಬರಹಗಳಲ್ಲಿ ಈ ಸೊನ್ನೆಗಳು ಧಾರಾಳವಾಗಿ ಸಿಗುತ್ತವೆ.

ಇನ್ನೆರಡು ಅದೃಶ್ಯ ಗುರುತುಗಳನ್ನು ಮಾತ್ರ ಬೇಕೆಂದೇ ಹಾಕಬೇಕಾಗುತ್ತದೆ. ‘ಸಾಫ್ಟ್‌ವೇರ್’ ಪದವನ್ನು ಹಾಗೇ ಬೆರಳಚ್ಚಿಸಿದರೆ ‘ಟ’ಗೆ ‘ವ’ ಒತ್ತಾಗಿ ಅಂಟಿಕೊಂಡು ‘ಸಾಫ್ಟ್ವೇರ್’ ಆಗುತ್ತದೆ. ಹಲಂತದ ನಂತರ 8204 ಸಂಖ್ಯೆಯ ಗುರುತು ಹಾಕಿದರೆ ಅಂಟುವುದು ತಪ್ಪುತ್ತದೆ. ಅದರ ಜೋಡಿ 8205. ‘ರ’ ಮತ್ತು ಹಲಂತದ ನಡುವೆ ಅದನ್ನಿಟ್ಟರೆ ಅರ್ಕಾವತ್ತು ಬರದೆ ‘ರ‍್ಯಾಂಕ್’ ಸರಿಯಾಗಿ ಮೂಡುತ್ತದೆ. ಎರಡಕ್ಕೂ ಅಗಲವಿಲ್ಲ, ಆಕಾರವಿಲ್ಲ. ನಿಮ್ಮ ಕೀಲಿಮಣೆಯಲ್ಲಿ ಅವನ್ನು ಮೂಡಿಸುವ ಬಗೆ ಯಾವುದೆಂದು ಮೊದಲೇ ಹುಡುಕಿಟ್ಟುಕೊಳ್ಳಿ.

ಓದುಗರೊಬ್ಬರು ‘ನಿಮ್ಮ ಬ್ಲಾಗು ಸರಿಯಾಗಿ ಕಾಣುತ್ತಿಲ್ಲ’ ಎಂದರೆ ಏನು ಕಾಣುತ್ತಿದೆ ಎಂದು ಕೇಳಿ, ರೋಗ ಗೊತ್ತಾಗುತ್ತದೆ. ಅಕ್ಷರಕ್ಕೊಂದು ಖಾಲಿ ಡಬ್ಬಿ ಕಂಡರೆ ಅವರ ಸಾಧನದಲ್ಲಿ ಕನ್ನಡ ಫಾಂಟಿಲ್ಲ, ನಿಮ್ಮ ಬರಹ ಕ್ಷೇಮ. ಗೀಟು ಹೊತ್ತ ಎ, ಪುಟ್ಟ ಎರಡು, ದಪ್ಪ ಚುಕ್ಕೆ ಇಂಥವು ಕಂಡರೆ ಸ್ವಲ್ಪ ಲೆಕ್ಕ ಬೇಕು. 3221 ಎಂಬ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಅದನ್ನು 224, 178, 149 ಎಂಬ ಮೂರು ಬೈಟುಗಳಾಗಿ ಒಡೆದು ಕಳಿಸುವ ವಿಧಾನದ ಹೆಸರು ಯುಟಿಎಫ್-8. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಕೆನ್ ಥಾಂಪ್ಸನ್ ಇದನ್ನು ಊಟದ ಮೇಜಿನ ಹಾಸುಕಾಗದದ ಮೇಲೆ ಬಿಡಿಸಿದಾಗ ಜೊತೆಗಿದ್ದವರು ರಾಬ್ ಪೈಕ್. ಬಂದ ಬೈಟುಗಳನ್ನು ಮೂರು ಮೂರಾಗಿ ಸೇರಿಸಿ ಓದದೆ, ಒಂದೊಂದನ್ನೂ ಐರೋಪ್ಯ ಅಕ್ಷರವೆಂದು ಓದಿದಾಗ ಆ ಗೀಟು-ಚುಕ್ಕೆಗಳ ಸಾಲು ಬರುತ್ತದೆ. ಇದು ವಾಸಿಯಾಗುವ ಕಾಯಿಲೆ, ಓದುವ ಕ್ರಮ ಸರಿಪಡಿಸಿದರೆ ಕನ್ನಡ ಮರಳುತ್ತದೆ. ಸಾಲುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿದಿದ್ದರೆ ಮಾತ್ರ ದಾರಿಯಿಲ್ಲ. ಕನ್ನಡ ಅರಿಯದ ಡೇಟಾಬೇಸೊಂದು ಸಂಖ್ಯೆಗಳನ್ನು ಬಿಸಾಡಿ ಅವುಗಳ ಜಾಗದಲ್ಲಿ ಪ್ರಶ್ನೆ ಬರೆದಿಟ್ಟಿರುತ್ತದೆ.

ಮೂರು ಬೈಟು ಎಂದರೆ ಕನ್ನಡ ಭಾರವಲ್ಲವೇ ಎಂದು ಕೆಲವರಿಗೆ ಆತಂಕ. ಈ ಲೇಖನದಷ್ಟು ಉದ್ದದ ಬರಹ ಕೆಲವು ಹತ್ತು ಕಿಲೋಬೈಟಿನಲ್ಲಿ ಮುಗಿಯುತ್ತದೆ. ಅದರ ಮೇಲೆ ನೀವು ಅಂಟಿಸುವ ಫೋನಿನ ಫೋಟೊ ಮೂರ್ನಾಲ್ಕು ಮೆಗಾಬೈಟ್, ಅಂದರೆ ನೂರು ಪಟ್ಟಿನ ಆಸುಪಾಸು. ಊರಿನ ನೆಟ್‌ವರ್ಕಿನಲ್ಲಿ ಪುಟ ತೆರೆಯದಿದ್ದರೆ ಚಿತ್ರವನ್ನು ಕುಗ್ಗಿಸಿ ಹಾಕಿ. ಚಿತ್ರ ನಿಮ್ಮದೇ ಆಗಿರಲಿ, ಇಲ್ಲವೇ ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ಸಂಗ್ರಹದ್ದಾಗಿರಲಿ. ‘ಚಿತ್ರಕೃಪೆ: ಅಂತರಜಾಲ’ ಎಂದು ಬರೆದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ. ಅಂತರಜಾಲ ಯಾರಿಗೂ ಕೃಪೆ ಮಾಡಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ನೋಂದಣಿ ಇಲ್ಲದೆಯೂ ಹಕ್ಕು ಸೃಷ್ಟಿಕರ್ತರದ್ದೇ. ನಿಮ್ಮ ಬರಹಕ್ಕೂ ಅದೇ ರಕ್ಷಣೆ ಇದೆ.

ಭಾರ ನಿಜವಾಗಿ ಕಾಡುವುದು ವಿಳಾಸದಲ್ಲಿ. ಜಾಲವಿಳಾಸದಲ್ಲಿ ಕನ್ನಡ ಬಂದರೆ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಇಂಗ್ಲಿಷ್ ಸಂಕೇತಗಳಾಗಿ ಬರೆಯುವುದು ನಿಯಮ. ಒಂದು ‘ಕ’ಕ್ಕೆ ಒಂಬತ್ತು ಚಿಹ್ನೆ, ‘ಕನ್ನಡ’ ಪದಕ್ಕೆ ನಲವತ್ತೈದು. ವಾಟ್ಸ್‌ಆ್ಯಪಿನಲ್ಲಿ ಅರ್ಧ ಪರದೆ ತುಂಬುವ ಕೊಂಡಿಗಳ ಗುಟ್ಟು ಇದು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸ ಕಟ್ಟುವಾಗ ಇನ್ನೂರು ಚಿಹ್ನೆಗಳಿಗೆ ನಿಲ್ಲಿಸುತ್ತದೆ. ಅಷ್ಟರಲ್ಲಿ ಕನ್ನಡದ ಇಪ್ಪತ್ತೆರಡು ಸಂಕೇತಗಳು ಹಿಡಿಸುತ್ತವೆ, ಉಳಿದ ಶೀರ್ಷಿಕೆಗೆ ಕತ್ತರಿ. ಬ್ಲಾಗರ್ ಇನ್ನೂ ಜಿಪುಣ. ಕನ್ನಡ ಶೀರ್ಷಿಕೆ ಕಂಡರೆ ಅದನ್ನು ಪೂರ್ತಿ ಕೈಬಿಟ್ಟು ‘ಬ್ಲಾಗ್-ಪೋಸ್ಟ್’ ಎಂಬ ಇಂಗ್ಲಿಷ್ ಪದಕ್ಕೆ ಅಂಕಿ ಅಂಟಿಸಿ ಪ್ರತಿ ಲೇಖನಕ್ಕೂ ಹಂಚುತ್ತದೆ. ಎರಡರಲ್ಲೂ ವಿಳಾಸವನ್ನು ಪ್ರಕಟಣೆಗೆ ಮುನ್ನ ಕೈಯಾರೆ ತಿದ್ದಲು ಅವಕಾಶವಿದೆ. ಇಂಗ್ಲಿಷ್ ಲಿಪಿಯಲ್ಲೇ ಎರಡು ಮೂರು ಪದ ಸಾಕು. ಪ್ರಕಟವಾದ ಮೇಲೆ ಬದಲಿಸಿದರೆ ಹಂಚಿದ ಕೊಂಡಿಗಳೆಲ್ಲ ಮುರಿಯುವ ಅಪಾಯವಿದೆ.

ಇನ್ನು ಓದುಗರು ಬರುವ ಬಗೆ. ಹುಡುಕುಯಂತ್ರದ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ಅಲೆಯುತ್ತ ಪುಟಗಳನ್ನು ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದನ್ನು ಕಟ್ಟುತ್ತದೆ: ಈ ಪದ ಇಂತಿಂಥ ಪುಟಗಳಲ್ಲಿದೆ ಎಂದು. ಯಾರಾದರೂ ಹುಡುಕಿದಾಗ ತಡಕಾಡುವುದು ಜಾಲವನ್ನಲ್ಲ, ಆ ಸೂಚಿಯನ್ನು. ಯಾವ ಪುಟ ಮೇಲೆ ಬರಬೇಕೆಂದು ತೂಗುವಾಗ ಅದಕ್ಕೆ ಎಷ್ಟು ಮಂದಿ, ಎಂಥವರು ಕೊಂಡಿ ಕೊಟ್ಟಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಮುಂದಿಟ್ಟ ವಿಚಾರ ಇದು. ನಿಮ್ಮ ಹೊಸ ಬ್ಲಾಗಿಗೆ ಯಾರ ಕೊಂಡಿಯೂ ಇಲ್ಲದಿರುವಾಗ ಮೊದಲ ತಿಂಗಳುಗಳಲ್ಲಿ ಓದುಗರು ಬೆರಳೆಣಿಕೆಯಷ್ಟಿದ್ದರೆ ಅಚ್ಚರಿಯಿಲ್ಲ.

ಕನ್ನಡಕ್ಕೆ ಇಲ್ಲೊಂದು ಹೆಚ್ಚಿನ ತೊಡಕಿದೆ. ನಮ್ಮ ನಾಮಪದಗಳು ವಿಭಕ್ತಿಯೊಡನೆ ರೂಪ ಬದಲಿಸುತ್ತವೆ: ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ, ಅಡಿಕೆಯಿಂದ. ಇವೆಲ್ಲ ಒಂದೇ ಎಂದು ಯಂತ್ರ ಊಹಿಸಬೇಕು, ಊಹೆ ಪ್ರತಿಸಲ ಫಲಿಸುವುದಿಲ್ಲ. ಹಾಗಾಗಿ ಮುಖ್ಯ ಪದವು ಮೂಲರೂಪದಲ್ಲೂ ಒಂದೆರಡು ಕಡೆ ಬರಲಿ, ಶೀರ್ಷಿಕೆಯಲ್ಲಂತೂ ಇರಲಿ. ‘ನೆನಪಿನಂಗಳದ ಮಳೆಹನಿ’ ಎಂಬ ತಲೆಬರಹ ಹೊತ್ತ ಲೇಖನ ಅಡಿಕೆಯ ಕೊಳೆರೋಗದ ಬಗ್ಗೆ ಇದೆಯೆಂದು ಯಾವ ಗಣಿತವೂ ಪತ್ತೆಮಾಡಲಾರದು. ಕವಿತೆಗೆ ಸರಿ, ತೋಟದ ವಿಷಯಕ್ಕೆ ಬೇಡ.

ತೋಟದ ಮಾತು ಬಂತಲ್ಲ, ಏನು ಬರೆಯಲಿ ಎನ್ನುವವರಿಗೆ ನಾನು ಹೇಳುವುದು ಅದನ್ನೇ. ಸಿನಿಮಾ, ರಾಜಕೀಯದ ಬಗ್ಗೆ ಬರೆಯಲು ಪತ್ರಿಕೆಗಳಿವೆ. ನಿಮ್ಮ ಅಂಗಳದಲ್ಲಿ ಅಳೆದ ದಿನದಿನದ ಮಳೆ, ನಿಮ್ಮೂರಿನ ಭತ್ತದ ತಳಿಗಳ ಹೆಸರು, ಮಗ್ಗದ ಬಿಡಿಭಾಗಗಳಿಗೆ ಅಜ್ಜ ಬಳಸುತ್ತಿದ್ದ ಮಾತು, ಇಂಥವನ್ನು ಬೇರೆ ಯಾರೂ ಬರೆಯುವುದಿಲ್ಲ. ಅವನ್ನು ಅಕ್ಷರವಾಗಿಯೇ ಬರೆಯಿರಿ. ಈಚೆಗೆ ಬರಹವನ್ನು ಹೂವಿನ ಹಿನ್ನೆಲೆಯ ಚಿತ್ರ ಮಾಡಿ ಹರಿಬಿಡುವ ಚಾಳಿ ಹೆಚ್ಚಿದೆ. ಚಿತ್ರದೊಳಗಿನ ಪಠ್ಯವನ್ನು ಗುರುತಿಸುವ ತಂತ್ರಾಂಶಗಳು ಇವೆಯಾದರೂ ಬರಹದ ಸಂಖ್ಯೆಗಳಂತೂ ಅಲ್ಲಿಲ್ಲ. ಹಳೆಯ ಫಾಂಟುಗಳ ಕಾಲಕ್ಕೇ ಹಿಂದಿರುಗಿದ ಹಾಗಾಯಿತು.

ಕೊನೆಯದಾಗಿ, ಉಚಿತ ತಾಣ ನಿಮ್ಮ ಸ್ವಂತ ಜಾಗವಲ್ಲ. ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ಪುಟ ತೆರೆದಿದ್ದರು. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಮುಚ್ಚಿತು. ಇಂಟರ್‌ನೆಟ್ ಆರ್ಕೈವ್‌ನಂಥವರು ಉಳಿಸಿಕೊಂಡಷ್ಟೇ ಉಳಿಯಿತು. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಬರಹಗಳನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಎರಡು ಮೂರು ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ವರ್ಡ್‌ಪ್ರೆಸ್ ಕೊಡುವ ಆ ಕಡತದಲ್ಲಿ ಫೋಟೊಗಳಿರುವುದಿಲ್ಲ, ಅವು ಇರುವ ವಿಳಾಸ ಮಾತ್ರ ಇರುತ್ತದೆ. ಅವನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು.